ಅಚ್ಚು, ಕಡಾಣಿ ಮತ್ತು ಒಂದು ನಟ್: ಕಾರಿನ ಆಕ್ಸಲ್ ಬಿಚ್ಚಿ ಹಾಕೋದು ಹೇಗೆ?

ಮಾದಪ್ಪನ ಬೆಟ್ಟಕ್ಕೆ ಕಾರಲ್ಲಿ ಹೋಗಿದ್ದೀರಾ? ಕೊಳ್ಳೇಗಾಲ ಬಿಟ್ಟು ಕಾಮಗೆರೆ, ಹನೂರು, ಕೌದಳ್ಳಿ ದಾಟಿ ತಾಳಬೆಟ್ಟಕ್ಕೆ ಬಂದರೆ, ಅಲ್ಲಿಂದ ಮೇಲೆ ಬರೀ ತಿರುವು. ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೊಂದು. ಮಾದಪ್ಪ ಹುಲಿ ಮೇಲೆ ಓಡಾಡಿದವನು, ಅವನಿಗೆ ವೀಲ್ ಬೇರಿಂಗಿನ ಚಿಂತೆ ಇರಲಿಲ್ಲ. ನಮಗೆ ಇತ್ತು.

ಕಳೆದ ರಜೆಯಲ್ಲಿ ನಾವು ನಾಲ್ಕು ಜನ ಗೆಳೆಯರು ಹೊರಟಿದ್ವಿ. ಜೊತೆಗೆ ನಮ್ಮಲ್ಲೊಬ್ಬನ ಅಜ್ಜಿ, ಮುಡಿ ಕೊಡೋ ಹರಕೆ ಇತ್ತು. ಕಾರು ಅವನ ಅಪ್ಪನದು, ಹಳೇ ಪುಟ್ಟ ಕಾರು. ಹತ್ತುವಾಗ ಪ್ರತಿ ತಿರುವಲ್ಲೂ ಮುಂದಿನ ಎಡಚಕ್ರದಿಂದ ಟಕ್ ಟಕ್ ಟಕ್ ಅಂತ ಸದ್ದು. "ಸಿವಿ ಜಾಯಿಂಟ್ ಹೋಗಿದೆ, ಇಳಿದ ಮೇಲೆ ನೋಡ್ಕೊಳ್ಳೋಣ" ಅಂತ ನಾವೇ ತೀರ್ಪು ಕೊಟ್ಟೆವು. ಎಷ್ಟಾದರೂ ಎಂಜಿನಿಯರಿಂಗ್ ಎರಡನೇ ವರ್ಷ! ಇಳಿಯುವಾಗ ಸದ್ದು ಬದಲಾಯ್ತು. ಟಕ್ ಟಕ್ ಹೋಗಿ ಗರ್ ಅನ್ನೋ ಕೊರೆತ ಬಂತು, ಸ್ಟೀರಿಂಗ್ ನಡುಗೋಕೆ ಶುರುವಾಯ್ತು. ತಾಳಬೆಟ್ಟದ ಹತ್ತಿರ ನಿಲ್ಲಿಸಿ ಚಕ್ರ ಹಿಡಿದು ಅಲ್ಲಾಡಿಸಿದರೆ ಇಡೀ ಚಕ್ರವೇ ಆಡುತ್ತಿತ್ತು. ಅಜ್ಜಿಯನ್ನ ಬಸ್ಸು ಹತ್ತಿಸಿ, ಕಾರನ್ನ ಇನ್ನೊಂದು ಗಾಡಿಯ ಮೇಲೆ ಹೇರಿಸಿಕೊಂಡು ಕೊಳ್ಳೇಗಾಲಕ್ಕೆ ತಂದೆವು.

ಅಲ್ಲಿ ಮೆಕ್ಯಾನಿಕ್ ಅಣ್ಣ ಸೆಂಟರ್ ಕ್ಯಾಪ್ ತೆಗೆದು ಒಂದೇ ಸಲ ನೋಡಿ ಕೇಳಿದರು: "ಈ ನಟ್ಟ ಯಾರ್ರಪ್ಪ ಹಾಕ್ದೋರು?"

ಜಾಯಿಂಟ್ ಸರಿಯಾಗೇ ಇತ್ತು. ಕೆಲವು ತಿಂಗಳ ಹಿಂದೆ ಬೇರೆ ಕಡೆ ಒಂದು ಗ್ಯಾರೇಜಲ್ಲಿ ಆಕ್ಸಲ್ ಬಿಚ್ಚಿ ರಬ್ಬರ್ ಬೂಟ್ ಬದಲಿಸಿದ್ದರು. ವಾಪಸ್ ಹಾಕುವಾಗ ಹಳೇ ನಟ್ಟನ್ನೇ ಹಾಕಿ, ಕೈ ಅಂದಾಜಲ್ಲಿ ಬಿಗಿದು ಕಳಿಸಿದ್ದರು. ಅದು ಬೆಟ್ಟದ ತಿರುವುಗಳಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲ ಆಗಿತ್ತು. ಆ ದಿನ ಮಧ್ಯಾಹ್ನ ಅಣ್ಣನ ಪಕ್ಕ ಕೂತು ನಾವು ಕಲಿತದ್ದು, ಆಮೇಲೆ ಹಾಸ್ಟೆಲಿಗೆ ಬಂದು ಲೆಕ್ಕ ಹಾಕಿ ನೋಡಿದ್ದು, ಎರಡೂ ಸೇರಿಸಿ ಈ ಲೇಖನ. ಒಂದೇ ಸಾಲಲ್ಲಿ ಹೇಳಬೇಕಂದ್ರೆ: ಆಕ್ಸಲ್ ಬಿಚ್ಚೋದು ಶಕ್ತಿಯ ಕೆಲಸ, ಹಾಕೋದು ಲೆಕ್ಕದ ಕೆಲಸ.

ಎತ್ತಿನ ಗಾಡಿಯಿಂದ ಶುರು ಮಾಡೋಣ

ನಾವು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಆಕ್ಸಲ್, ಹಬ್ ಅಂದ್ರೆ ಗೊತ್ತು, ಕನ್ನಡದಲ್ಲಿ ಏನಂತಾರೆ ಅಂತ ಗೊತ್ತಿರಲಿಲ್ಲ. ಯಳಂದೂರಿನ ಗೆಳತಿಯ ತಾತನನ್ನು ಕೇಳಿದರೆ ಅವರು ಎತ್ತಿನ ಗಾಡಿಯ ಪಾಠವನ್ನೇ ಮಾಡಿಬಿಟ್ಟರು. ಎರಡು ಚಕ್ರಗಳ ನಡುವಿನ ಕಬ್ಬಿಣದ ಸರಳು ಅಚ್ಚು. ಚಕ್ರದ ನಡುವಿನ ದಪ್ಪ ಮರದ ಭಾಗ ಗುಂಭ, ಅದೇ ನಮ್ಮ ಹಬ್. ಚಕ್ರ ಹೊರಗೆ ಜಾರದ ಹಾಗೆ ಅಚ್ಚಿನ ತುದಿಗೆ ಹಾಕೋ ಕೀಲು ಕಡಾಣಿ. ಉಜ್ಜದೆ ತಿರುಗಲಿ ಅಂತ ಹಚ್ಚೋದು ಕೀಲೆಣ್ಣೆ.

ಗಾಡಿಯಲ್ಲಿ ಅಚ್ಚು ತಿರುಗೋದಿಲ್ಲ. ಅದು ಭಾರ ಹೊರುತ್ತೆ, ಚಕ್ರ ಅದರ ಮೇಲೆ ತಿರುಗುತ್ತೆ. ಎಳೆಯೋ ಕೆಲಸ ಎತ್ತಿನದು. ಕಾರಲ್ಲಿ ಎಳೆಯೋದು ಎಂಜಿನ್, ಅದರ ಶಕ್ತಿ ಚಕ್ರಕ್ಕೆ ಮುಟ್ಟಬೇಕಾದರೆ ಆಕ್ಸಲ್ಲೇ ತಿರುಗಬೇಕು. ಹಾಗಾಗಿ ಕಾರಲ್ಲಿ ಕೆಲಸ ಹಂಚಿಕೆ ಆಗಿದೆ. ಭಾರ ಹೊರೋದು ಬೇರಿಂಗ್ ಮತ್ತು ಅದನ್ನ ಹಿಡಿದಿರೋ ನಕಲ್ ಅನ್ನೋ ಎರಕದ ಭಾಗ. ತಿರುಗಿಸೋದು ಆಕ್ಸಲ್.

ಆಕ್ಸಲ್ಲಿನ ತುದಿಯಲ್ಲಿ ಉದ್ದುದ್ದ ಹಲ್ಲುಗಳಿವೆ, ಅದೇ ಸ್ಪ್ಲೈನ್. ಹಬ್ಬಿನ ಒಳಗೂ ಅದಕ್ಕೆ ಹೊಂದೋ ಹಲ್ಲುಗಳಿವೆ. ಒಂದರೊಳಗೊಂದು ಕೂತರೆ ಹಬ್ ತಿರುಗುತ್ತೆ. ಕೊನೆಗೆ ಹೊರಗಿಂದ ಒಂದು ದೊಡ್ಡ ನಟ್. ಕಡಾಣಿಯ ಮೊಮ್ಮಗ ಇದು. ಆದರೆ ಕಡಾಣಿಗಿಂತ ಒಂದು ದೊಡ್ಡ ಕೆಲಸ ಹೆಚ್ಚಿಗೆ ಮಾಡುತ್ತೆ. ಅದನ್ನ ಆಮೇಲೆ ನೋಡೋಣ.

ಮುಂದಿನ ಚಕ್ರ ಎಳೆಯೋದು ಯಾಕೆ ಕಷ್ಟ?

ಹಳೇ ಅಂಬಾಸಿಡರ್ ಕಾರಲ್ಲಿ ಎಂಜಿನ್ ಮುಂದೆ, ಎಳೆಯೋ ಚಕ್ರ ಹಿಂದೆ. ಹಿಂದಿನ ಚಕ್ರ ಪಕ್ಕಕ್ಕೆ ತಿರುಗೋದಿಲ್ಲ, ಹಾಗಾಗಿ ಆಕ್ಸಲ್ ನೇರ ಸರಳಾದರೆ ಸಾಕು. 1983ರ ಡಿಸೆಂಬರಲ್ಲಿ ಮಾರುತಿ 800 ಬಂದ ಮೇಲೆ ನಮ್ಮ ರಸ್ತೆಗಳಲ್ಲಿ ಮುಂದಿನ ಚಕ್ರ ಎಳೆಯೋ ಕಾರುಗಳು ತುಂಬಿಕೊಂಡವು. ಮುಂದಿನ ಚಕ್ರ ಒಂದೇ ಹೊತ್ತಲ್ಲಿ ತಿರುಗಬೇಕು, ಎಡಬಲಕ್ಕೆ ಹೊರಳಬೇಕು, ಹಳ್ಳ ಬಂದರೆ ಮೇಲೆ ಕೆಳಗೆ ಹೋಗಬೇಕು. ನೇರ ಸರಳಿಗೆ ಇದು ಆಗದ ಮಾತು.

ಹುಕ್ಸ್ ಜಾಯಿಂಟ್ ಹಾಕಿದರೆ ಆಗಲ್ವಾ ಅಂತ ಕೇಳಬಹುದು. ಮೆಕ್ಯಾನಿಕಲ್ ಗೆಳೆಯರಿಗೆ ಈ ಲೆಕ್ಕ ಗೊತ್ತಿರುತ್ತೆ. ಎರಡು ಶಾಫ್ಟುಗಳ ನಡುವೆ 30 ಡಿಗ್ರಿ ಕೋನ ಇದ್ದರೆ, ಒಳಗಿನ ಶಾಫ್ಟ್ ಒಂದೇ ವೇಗದಲ್ಲಿ ತಿರುಗುತ್ತಿದ್ದರೂ ಹೊರಗಿನದರ ವೇಗ 0.866 ಪಟ್ಟಿನಿಂದ 1.155 ಪಟ್ಟಿನವರೆಗೆ ಏರಿಳಿಯುತ್ತೆ. ಅದೂ ಪ್ರತಿ ಸುತ್ತಿಗೆ ಎರಡು ಸಲ. ತಿರುವಲ್ಲಿ ಸ್ಟೀರಿಂಗ್ ಕೈಯಲ್ಲಿ ಕುಣಿಯುತ್ತೆ. ಇದಕ್ಕೆ ಪರಿಹಾರವಾಗಿ ಆಲ್ಫ್ರೆಡ್ ರ್‍ಜೆಪ್ಪಾ ಅನ್ನೋ ಎಂಜಿನಿಯರ್ 1920ರ ದಶಕದಲ್ಲಿ ಒಂದು ಜಾಯಿಂಟ್ ಮಾಡಿದರು. ಒಳಗೆ ಆರು ಉಕ್ಕಿನ ಗುಂಡು, ಅವು ಓಡೋಕೆ ಬಾಗಿದ ಹಳ್ಳಗಳು. ಕೋನ ಎಷ್ಟೇ ಇದ್ದರೂ ಗುಂಡುಗಳು ಆ ಕೋನದ ಸರಿ ಅರ್ಧದಲ್ಲಿ ನಿಲ್ಲುತ್ತವೆ, ಹಾಗಾಗಿ ಎರಡೂ ಕಡೆಯ ವೇಗ ಒಂದೇ. ಇದೇ ಸಿವಿ ಜಾಯಿಂಟ್. 1959ರಲ್ಲಿ ಬಂದ ಬ್ರಿಟನ್ನಿನ ಮಿನಿ ಕಾರು ಈ ಬಗೆಯ ಜಾಯಿಂಟನ್ನ ಮನೆಮನೆಗೆ ಮುಟ್ಟಿಸಿತು.

ನಮ್ಮ ಕಾರಿನ ಪ್ರತಿ ಆಕ್ಸಲ್ಲಿಗೂ ಎರಡು ಜಾಯಿಂಟ್. ಚಕ್ರದ ಕಡೆ ಹೊರ ಜಾಯಿಂಟ್, ಗೇರ್‌ಬಾಕ್ಸ್ ಕಡೆ ಒಳ ಜಾಯಿಂಟ್. ಎರಡಕ್ಕೂ ಅಕಾರ್ಡಿಯನ್ ಥರದ ರಬ್ಬರ್ ಬೂಟ್, ಒಳಗೆ ಕಪ್ಪು ಗ್ರೀಸ್.

ಬಿಚ್ಚೋದು

ಅಣ್ಣ ಜಾಕಿಗೆ ಕೈ ಹಾಕಲೇ ಇಲ್ಲ. ಮೊದಲ ಕೆಲಸ ಕಾರು ನೆಲದ ಮೇಲಿರುವಾಗಲೇ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನಮ್ಮಲ್ಲೊಬ್ಬನನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿದರು. ನಟ್ಟಿನ ಬೀಗ ತೆಗೆಯಬೇಕು. ಕೆಲವು ಕಾರಲ್ಲಿ ಸ್ಪ್ಲಿಟ್ ಪಿನ್ ಇರುತ್ತೆ. ಕೆಲವದರಲ್ಲಿ ನಟ್ಟಿನ ಅಂಚನ್ನೇ ಶಾಫ್ಟಿನ ಗಾಡಿಯೊಳಗೆ ಬಡಿದು ಕೂರಿಸಿರುತ್ತಾರೆ, ಅದನ್ನ ಸಣ್ಣ ಉಳಿಯಿಂದ ಎಬ್ಬಿಸಬೇಕು. ಎಬ್ಬಿಸದೆ ತಿರುಗಿಸಿದರೆ ಶಾಫ್ಟಿನ ಥ್ರೆಡ್ ಹರಿಯುತ್ತೆ. ಆಮೇಲೆ ಸರಿಯಾದ ಸೈಜಿನ ಸಾಕೆಟ್, ಉದ್ದನೆಯ ರಾಡು, ಒಂದು ಜೋರು ಎಳೆತ. ಗಾಡಿ ಎತ್ತಿದ ಮೇಲೆ ಇಷ್ಟು ಬಲ ಹಾಕಿದರೆ ಜಾಕಿಯಿಂದ ಜಾರಿ ಬೀಳಬಹುದು, ಅದಕ್ಕೇ ಈ ಕ್ರಮ. ನಟ್ ಸ್ವಲ್ಪ ಬಿಟ್ಟುಕೊಂಡರೆ ಸಾಕು, ಪೂರ್ತಿ ತೆಗೆಯಬಾರದು. ಬಿಟ್ಟುಕೊಂಡ ಮೇಲೆ ಕಾರನ್ನ ಒಂದಡಿಯೂ ತಳ್ಳಬಾರದು.

ಇನ್ನು ಜಾಕಿ. ಜಾಕಿ ಎತ್ತೋಕೆ ಮಾತ್ರ, ಹೊತ್ತು ನಿಲ್ಲೋಕೆ ಸ್ಟ್ಯಾಂಡ್ ಬೇಕು. ಇಟ್ಟಿಗೆ, ಹೋಳಾದ ಸೈಜುಗಲ್ಲು ಬೇಡವೇ ಬೇಡ. ಚಕ್ರ ತೆಗೆದ ಮೇಲೆ ನಕಲ್ ಹೊರಗೆ ವಾಲೋಕೆ ಜಾಗ ಮಾಡಬೇಕು. ನಮ್ಮ ಕಾರಲ್ಲಿ ಅಣ್ಣ ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿದರು. ಬ್ರೇಕ್ ಕ್ಯಾಲಿಪರ್ ತೆಗೆಯಬೇಕಾಗಿ ಬಂದರೆ ಅದನ್ನ ತಂತಿಯಿಂದ ಮೇಲೆ ಕಟ್ಟಬೇಕು, ಬ್ರೇಕ್ ಹೋಸಿನಲ್ಲಿ ನೇತಾಡೋಕೆ ಬಿಡಬಾರದು. ಒಳಗೊಳಗೇ ಹರಿದ ಹೋಸು ಹೊರಗಿಂದ ಕಾಣಲ್ಲ.

ಈಗ ಶಾಫ್ಟನ್ನ ಹಬ್ಬಿನಿಂದ ಹೊರತಳ್ಳಬೇಕು. ಇಲ್ಲೇ ಹೆಚ್ಚು ಕಾರುಗಳು ಕೆಡೋದು. ತುಕ್ಕು ಹಿಡಿದ ಸ್ಪ್ಲೈನ್ ಸುಲಭಕ್ಕೆ ಬಿಡಲ್ಲ. ಕೈಗೆ ಸುತ್ತಿಗೆ ಬರುತ್ತೆ, ಶಾಫ್ಟಿನ ತುದಿಗೆ ನೇರ ಏಟು ಬೀಳುತ್ತೆ, ತುದಿ ಅಣಬೆ ಥರ ಅರಳುತ್ತೆ, ಥ್ರೆಡ್ ಹಾಳು. ಅಣ್ಣ ಮಾಡಿದ್ದು ಹೀಗೆ: ನಟ್ಟನ್ನ ಶಾಫ್ಟಿನ ತುದಿಗೆ ಸಮವಾಗಿ ಬರೋ ತನಕ ಬಿಚ್ಚಿ ಅಲ್ಲೇ ಬಿಟ್ಟರು, ತುಕ್ಕಿಗೆ ಎಣ್ಣೆ ಹೊಡೆದು ಟೀ ಕುಡಿದು ಬಂದರು, ಆಮೇಲೆ ಪುಲ್ಲರ್ ಕಟ್ಟಿ ನಿಧಾನಕ್ಕೆ ತಿರುಗಿಸಿದರು. ಟಪ್ ಅಂತ ಬಿಟ್ಟುಕೊಂಡಿತು. ಪುಲ್ಲರ್ ಇಲ್ಲದಿದ್ದರೆ ಹಿತ್ತಾಳೆ ಸರಳು ಇಟ್ಟು ಹಗುರವಾಗಿ ತಟ್ಟಬಹುದು. "ಹೊಡ್ಯಾದಲ್ಲ ಕಣ್ರಪ್ಪ, ಒಪ್ಪಿಸಾದು" ಅಂದರು.

ಗೇರ್‌ಬಾಕ್ಸ್ ಕಡೆ ಬಿಡಿಸುವಾಗ ಆಕ್ಸಲ್ ಹಿಡಿದು ಜಗ್ಗಬಾರದು. ಒಳ ಜಾಯಿಂಟ್ ಬೂಟಿನೊಳಗೇ ಕಳಚಿಕೊಂಡು, ಗಾಬರಿಯಾಗೋದು ನಮಗೆ. ಜಾಯಿಂಟಿನ ಬುಡಕ್ಕೆ ಚಪ್ಪಟೆ ರಾಡು ಕೊಟ್ಟು ಮೀಟಬೇಕು. ಕೆಳಗೆ ಒಂದು ಟ್ರೇ ಇಟ್ಟಿರಿ, ಗೇರ್ ಆಯಿಲ್ ಸುರಿಯುತ್ತೆ. ಕೊನೆಗೆ ಅಷ್ಟೂ ಆಯಿಲ್ ವಾಪಸ್ ತುಂಬೋದು ಮರೀಬಾರದು.

ಬಿಚ್ಚಿದ ಮೇಲೆ ಏನು ನೋಡಬೇಕು?

ನಮ್ಮ ಕಾರಿನ ಆಕ್ಸಲ್ ಹೊರಗೆ ಬಂದಾಗ ಸ್ಪ್ಲೈನಿನ ಮೇಲೆ ಕೆಂಪು ಪುಡಿ ಇತ್ತು. ನಾವು ಮಣ್ಣು ಅಂದುಕೊಂಡೆವು. ಅದು ಕಬ್ಬಿಣವೇ. ಸಡಿಲ ಆದ ಹಲ್ಲುಗಳು ಒಂದಕ್ಕೊಂದು ಕೂದಲೆಳೆಯಷ್ಟು ಉಜ್ಜಿ ಉಜ್ಜಿ ಉದುರಿದ ಪುಡಿ ತುಕ್ಕಾಗಿತ್ತು. ಪುಟ್ಟ ಕಾರಿನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 550 ಸುತ್ತು ಹಾಕುತ್ತೆ. ಪ್ರತಿ ಸುತ್ತಿಗೂ ಒಂದು ಸಣ್ಣ ಉಜ್ಜಾಟ ಅಂದುಕೊಂಡು ಕೊಳ್ಳೇಗಾಲದಿಂದ ಬೆಟ್ಟಕ್ಕೆ ಹೋಗಿ ಬರೋ ಲೆಕ್ಕ ಹಾಕಿ ನೋಡಿ.

ಸದ್ದುಗಳ ಬಗ್ಗೆಯೂ ಅಣ್ಣ ಒಂದು ಪಾಠ ಮಾಡಿದರು:

- ಪೂರ್ತಿ ಸ್ಟೀರಿಂಗ್ ತಿರುಗಿಸಿ ಹೋಗುವಾಗ ಸಾಲಾಗಿ ಟಕ್ ಟಕ್ ಟಕ್: ಹೆಚ್ಚಾಗಿ ಹೊರ ಸಿವಿ ಜಾಯಿಂಟ್. ಆದರೆ ಸಡಿಲ ನಟ್ ಕೂಡ ಇದೇ ಸದ್ದು ಮಾಡುತ್ತೆ, ನಾವು ಮೋಸ ಹೋದದ್ದು ಇಲ್ಲೇ.
- ನೇರ ರಸ್ತೆಯಲ್ಲಿ ಗುಯ್ ಅನ್ನೋ ಗುನುಗು, ವೇಗದ ಜೊತೆ ಏರುತ್ತೆ, ಎಡಬಲಕ್ಕೆ ವಾಲಿಸಿದರೆ ಬದಲಾಗುತ್ತೆ: ಬೇರಿಂಗ್.
- ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನಡುಕ: ಒಳ ಜಾಯಿಂಟ್.
- ಮುಂದಕ್ಕೆ ಹೊರಟಾಗೊಂದು, ರಿವರ್ಸ್ ಹಾಕಿದಾಗೊಂದು, ಒಂಟಿ ಟಕ್: ಸ್ಪ್ಲೈನ್ ಅಥವಾ ನಟ್ ಸಡಿಲ.

ಬೂಟ್ ಹರಿದಿದ್ದರೆ ರಿಮ್ಮಿನ ಒಳಭಾಗದಲ್ಲಿ ಕಪ್ಪು ಗ್ರೀಸ್ ಚೆಲ್ಲಿರುತ್ತೆ. ಗ್ರೀಸ್ ಹೊರಗೆ ಹೋದ ದಾರಿಯಲ್ಲೇ ಮಣ್ಣು ಒಳಗೆ ಬರುತ್ತೆ. ಬೂಟಿನ ಬೆಲೆ ನೋಡಿ ಆಮೇಲೆ ಪೂರ್ತಿ ಆಕ್ಸಲ್ಲಿನ ಬೆಲೆ ನೋಡಿದರೆ, ಯಾವಾಗ ಬದಲಿಸಬೇಕು ಅನ್ನೋದು ತಾನೇ ಗೊತ್ತಾಗುತ್ತೆ.

ಹಾಕೋದು: ಇಲ್ಲಿದೆ ಲೆಕ್ಕ

ನಮ್ಮ ಕಾರಿಗೆ ಹೊಸ ಬೇರಿಂಗ್, ಹೊಸ ಹಬ್, ಹಲ್ಲು ಸವೆದಿದ್ದಕ್ಕೆ ಹೊಸ ಆಕ್ಸಲ್ ಎಲ್ಲ ಬೇಕಾಯ್ತು. ಒಂದು ನಟ್ ಉಳಿಸಿದ್ದಕ್ಕೆ ಇಷ್ಟು.

ಹಾಕುವಾಗ ಮೊದಲು ಸ್ಪ್ಲೈನ್ ಒರೆಸಿ ಶುಚಿ ಮಾಡಬೇಕು. ಗೇರ್‌ಬಾಕ್ಸಿನ ಆಯಿಲ್ ಸೀಲಿಗೆ ತಾಗದ ಹಾಗೆ ಒಳತುದಿ ತಳ್ಳಿದರೆ, ಒಳಗಿನ ರಿಂಗ್ ಕ್ಲಿಕ್ ಅಂತ ಕೂತದ್ದು ಕೈಗೇ ತಿಳಿಯುತ್ತೆ. ಹೊರತುದಿಯನ್ನ ಹಬ್ಬಿಗೆ ಕೈಯಿಂದಲೇ ಸೇರಿಸಬೇಕು. ಹಲ್ಲು ಹೊಂದದಿದ್ದರೆ ಸ್ವಲ್ಪ ತಿರುಗಿಸಿ ನೋಡಬೇಕು, ಹೊಡೆಯಬಾರದು. ಬಾಲ್ ಜಾಯಿಂಟ್ ಸೇರಿಸಿ, ವಾಶರ್ ಹಾಕಿ, ಹೊಸ ನಟ್ಟನ್ನ ಬೆರಳಲ್ಲೇ ತಿರುಗಿಸಿ ಶುರು ಮಾಡಬೇಕು.

ಈಗ ಆ ದೊಡ್ಡ ಕೆಲಸಕ್ಕೆ ಬರೋಣ. ಈ ನಟ್ ಚಕ್ರ ಬೀಳದ ಹಾಗೆ ಹಿಡಿದಿರೋದು ಒಂದು ಕೆಲಸ, ಅದು ಕಡಾಣಿಯದ್ದು. ಎರಡನೆಯದು ಬೇರಿಂಗನ್ನ ಅದುಮೋದು. ಈಗಿನ ಬಹುತೇಕ ಪುಟ್ಟ ಕಾರುಗಳ ಮುಂದಿನ ಬೇರಿಂಗಲ್ಲಿ ಎರಡು ಸಾಲು ಗುಂಡುಗಳಿವೆ, ಒಳಗಿನ ಬಳೆ ಎರಡು ಹೋಳು. ಆ ಎರಡು ಹೋಳನ್ನೂ ಸಿವಿ ಜಾಯಿಂಟಿನ ಭುಜ ಒಂದು ಕಡೆಯಿಂದ, ಹಬ್ ಇನ್ನೊಂದು ಕಡೆಯಿಂದ ಒತ್ತಿ ಹಿಡಿದಿರುತ್ತೆ. ಒತ್ತೋ ಬಲ ಬರೋದು ನಟ್ಟಿನಿಂದ. ಒತ್ತಡ ಸಾಲದಿದ್ದರೆ ಹೋಳುಗಳು ಬಿಟ್ಟುಕೊಂಡು ಗುಂಡುಗಳು ಆಡೋಕೆ ಶುರು.

ಎಷ್ಟು ಬಲ? ಉದಾಹರಣೆಗೆ ಮ್ಯಾನ್ಯುಯಲ್ಲಿನಲ್ಲಿ 200 ನ್ಯೂಟನ್ ಮೀಟರ್ ಟಾರ್ಕ್ ಅಂತ ಇದೆ ಅಂದುಕೊಳ್ಳಿ (ನಿಮ್ಮ ಕಾರಿನ ಸಂಖ್ಯೆ ನಿಮ್ಮ ಮ್ಯಾನ್ಯುಯಲ್ಲಿನಲ್ಲೇ ನೋಡಬೇಕು), ಥ್ರೆಡ್ಡಿನ ವ್ಯಾಸ 22 ಮಿಲಿಮೀಟರ್. ಟಾರ್ಕನ್ನ ವ್ಯಾಸದಿಂದ ಮತ್ತು ನಟ್ ಫ್ಯಾಕ್ಟರಿನಿಂದ ಭಾಗಿಸಿದರೆ ಬಲ ಸಿಗುತ್ತೆ. ಒಣ ಥ್ರೆಡ್ಡಿಗೆ ಫ್ಯಾಕ್ಟರ್ ಸುಮಾರು 0.2. ಅಂದ್ರೆ 200 ಭಾಗಿಸು 0.0044, ಸುಮಾರು 45,000 ನ್ಯೂಟನ್. ನಾಲ್ಕೂವರೆ ಟನ್ ಭಾರಕ್ಕೆ ಸಮ! ನಾಲ್ಕೈದು ಪುಟ್ಟ ಕಾರುಗಳನ್ನ ಒಂದರ ಮೇಲೊಂದು ಇಟ್ಟು ಆ ಬೇರಿಂಗನ್ನ ಅದುಮಿದ ಹಾಗೆ.

ಇನ್ನು ಕೈ ಅಂದಾಜು. ಚಕ್ರ ಬಿಚ್ಚೋ ಸ್ಪಾನರಿನ ಹಿಡಿ ಕಾಲು ಮೀಟರ್ ಅಂದುಕೊಳ್ಳಿ. 200 ನ್ಯೂಟನ್ ಮೀಟರ್ ಬರಬೇಕಾದರೆ ಅದರ ತುದಿಗೆ 800 ನ್ಯೂಟನ್, ಅಂದ್ರೆ 80 ಕಿಲೋ ತೂಕದವರು ಪೂರ್ತಿ ಮೈಭಾರ ಬಿಡಬೇಕು. ಕೈಯಿಂದ ಎಳೆದು "ಟೈಟ್ ಆಯ್ತು" ಅನ್ನಿಸೋದು ಅದರ ಅರ್ಧಕ್ಕೇ. ಟಾರ್ಕ್ ಅರ್ಧ ಆದರೆ ಅದುಮೋ ಬಲವೂ ಅರ್ಧ. ನಮ್ಮ ಕಾರಲ್ಲಿ ಆಗಿದ್ದು ಇದೇ ಇರಬೇಕು.

ಹಾಗಂತ ಮೂರಡಿ ಪೈಪ್ ಸಿಕ್ಕಿಸಿ ಬಿಗಿದರೆ? ಥ್ರೆಡ್ ಎಳೆದು ಹೋಗುತ್ತೆ, ಬೇರಿಂಗ್ ಬಿಸಿಯಾಗಿ ಸಾಯುತ್ತೆ. ಥ್ರೆಡ್ಡಿಗೆ ಗ್ರೀಸ್ ಹಚ್ಚಿದರೂ ಎಡವಟ್ಟು. ಫ್ಯಾಕ್ಟರ್ 0.2ರಿಂದ 0.15ಕ್ಕೆ ಇಳಿದರೆ ಅದೇ ಟಾರ್ಕಿಗೆ ಬಲ ಮೂರನೇ ಒಂದು ಪಾಲು ಹೆಚ್ಚಾಗುತ್ತೆ. ಮ್ಯಾನ್ಯುಯಲ್ ಹೇಳದ ಹೊರತು ಎಣ್ಣೆ ಬೇಡ. ಟಾರ್ಕ್ ರೆಂಚ್ ಇರೋದು ಇದಕ್ಕೇ.

ಅಣ್ಣ ಬಿಗಿದ ಕ್ರಮ ಇದು. ಗಾಡಿ ಸ್ಟ್ಯಾಂಡಿನ ಮೇಲಿರುವಾಗಲೇ ಬ್ರೇಕ್ ಒತ್ತಿಸಿ ನಟ್ಟನ್ನ ಬಹುಪಾಲು ಬಿಗಿದರು, ಯಾಕಂದ್ರೆ ನಟ್ ಸಡಿಲ ಇರುವಾಗ ಬೇರಿಂಗಿನ ಮೇಲೆ ಕಾರಿನ ಭಾರ ಬೀಳಬಾರದು. ಆಮೇಲೆ ಚಕ್ರ ಹಾಕಿ ನೆಲಕ್ಕಿಳಿಸಿ, ಟಾರ್ಕ್ ರೆಂಚಲ್ಲಿ ಕೊನೆಯ ಅಳತೆ. ಕೊನೆಗೆ ಬೀಗ. ನಮ್ಮದರಲ್ಲಿ ಅಂಚು ಬಡಿಯೋ ನಟ್. ಸ್ಪ್ಲಿಟ್ ಪಿನ್ ಇರೋ ಕಾರಾದರೆ, ತೂತು ನಟ್ಟಿನ ಸಂದಿಗೆ ಸರಿಯಾಗಿ ಬರದಿದ್ದರೆ ಇನ್ನೂ ಸ್ವಲ್ಪ ಬಿಗಿದು ಮುಂದಿನ ಸಂದಿಗೆ ತರಬೇಕು. ಹಿಂದಕ್ಕೆ ಸಡಿಲಿಸಬಾರದು. ಒಮ್ಮೆ ಬಡಿದ ನಟ್, ಒಮ್ಮೆ ಬಾಗಿಸಿದ ಪಿನ್, ಎರಡೂ ಮತ್ತೆ ಬಳಸೋಕಲ್ಲ.

ಬೆಟ್ಟದ ರಸ್ತೆ ಯಾಕೆ ಬೇರೆ?

ಇದೇ ಸಡಿಲ ನಟ್ ನೇರ ರಸ್ತೆಯಲ್ಲಿ ಇನ್ನೂ ಎಷ್ಟೋ ದಿನ ದೂಡಬಹುದಿತ್ತು. ತಿರುವಲ್ಲಿ ಕಾರಿನ ಭಾರ ಹೊರಗಿನ ಚಕ್ರಕ್ಕೆ ವಾಲುತ್ತೆ, ರಸ್ತೆ ಟೈರನ್ನ ಪಕ್ಕದಿಂದ ತಳ್ಳುತ್ತೆ. ಆ ಪಕ್ಕದ ಬಲ 1000 ನ್ಯೂಟನ್, ಟೈರಿನ ತ್ರಿಜ್ಯ 0.27 ಮೀಟರ್ ಅಂದುಕೊಂಡರೆ ಹಬ್ಬನ್ನ ಮಗುಚೋಕೆ ನೋಡೋ 270 ನ್ಯೂಟನ್ ಮೀಟರ್ ಮೊಮೆಂಟ್ ಬೇರಿಂಗಿನ ಮೇಲೆ. ಮುಂದಿನ ತಿರುವಲ್ಲಿ ಇದೇ ಉಲ್ಟಾ. ಒಂದು ಕೀಲನ್ನ ಆಚೆ ಈಚೆ ಅಲ್ಲಾಡಿಸಿ ಅಲ್ಲಾಡಿಸಿ ಕೀಳ್ತೀವಲ್ಲ, ಹಾಗೇ. ನಮ್ಮ ಕಡೆ ಇಂಥ ರಸ್ತೆಗೆ ಬರವಿಲ್ಲ. ಯಳಂದೂರಿಂದ ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಬಿಳಿಗಿರಿರಂಗನ ಬೆಟ್ಟ ಇದೆ. ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಇಳಿದರೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳಿವೆ.

ನಟ್ ಪೂರ್ತಿ ಬಿದ್ದೇ ಹೋಗಿದ್ದರೆ? ಹಬ್ಬನ್ನ ಬೇರಿಂಗಿನೊಳಗೆ ಹಿಡಿದಿಡೋಕೆ ಗಟ್ಟಿಯಾದ್ದು ಏನೂ ಉಳಿಯುತ್ತಿರಲಿಲ್ಲ. ಚಕ್ರ ಹಬ್ಬಿನ ಸಮೇತ ಹೊರಗೆ ಬರಬಹುದಿತ್ತು. ಅಜ್ಜಿ ಹಿಂದಿನ ಸೀಟಲ್ಲಿ "ಉಘೇ ಮಾದಪ್ಪ" ಅಂತಿದ್ದರು. ನಾವು ಹಾಡು ಹಾಕ್ಕೊಂಡಿದ್ವಿ. ಈಗ ನೆನೆಸಿಕೊಂಡರೂ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ.

ಇದೇ ರಸ್ತೆಯಲ್ಲಿ ಹೋಗೋ ದೊಡ್ಡ ಲಾರಿಗಳ ಹಿಂದಿನ ಆಕ್ಸಲ್ ನೋಡಿ. ಚಕ್ರದ ನಡುವೆ ಸುತ್ತಲೂ ಬೋಲ್ಟ್ ಹಾಕಿದ ಒಂದು ತಟ್ಟೆ ಕಾಣುತ್ತೆ. ಆ ಬೋಲ್ಟ್ ಬಿಚ್ಚಿದರೆ, ಚಕ್ರ ನೆಲದ ಮೇಲೇ ಇರುವಾಗ, ಆಕ್ಸಲ್ ಶಾಫ್ಟನ್ನ ಹೊರಗೆ ಎಳೆಯಬಹುದು. ಅಲ್ಲಿ ಭಾರವೆಲ್ಲ ಹೊರಗಿನ ಕೊಳವೆಯ ಮೇಲೆ, ಶಾಫ್ಟ್ ತಿರುಗಿಸುತ್ತೆ ಅಷ್ಟೇ. ಇದಕ್ಕೆ ಫುಲ್ ಫ್ಲೋಟಿಂಗ್ ಆಕ್ಸಲ್ ಅಂತಾರೆ. ಹೆಸರು ಮೊದಲೇ ಓದಿದ್ವಿ, ಅರ್ಥ ಆಗಿದ್ದು ಗ್ಯಾರೇಜಿನ ಮುಂದೆ ನಿಂತಾಗ.

ಹೊರಡೋ ಮೊದಲು ಐದು ನಿಮಿಷ

ನೀವೆಲ್ಲ ಆಕ್ಸಲ್ ಬಿಚ್ಚಿ ಅಂತ ನಾವು ಹೇಳ್ತಿಲ್ಲ. ಮೊದಲ ಸಲ ಗೊತ್ತಿರೋರ ಜೊತೆ ಕೂತೇ ಕಲೀಬೇಕು. ಆದರೆ ಬೆಟ್ಟಕ್ಕೆ ಹೊರಡೋ ಮೊದಲು ಇಷ್ಟು ಮಾಡಿ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹಾಕಿ, ಕಿಟಕಿ ಇಳಿಸಿ ಕೇಳಿ. ರಿಮ್ಮಿನ ಒಳಗೆ ಗ್ರೀಸ್ ಚೆಲ್ಲಿದೆಯಾ ಇಣುಕಿ. ಗೊತ್ತಿರೋರಿಂದ ಮುಂದಿನ ಚಕ್ರ ಎತ್ತಿಸಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಡಿದರೆ ಪ್ರಯಾಣ ಮುಂದಕ್ಕೆ ಹಾಕಿ.

ಆಕ್ಸಲ್ ಕೆಲಸ ಮಾಡಿಸಿದ್ದರೆ ಗ್ಯಾರೇಜಲ್ಲಿ ಮೂರು ಪ್ರಶ್ನೆ ಕೇಳಿ: ನಟ್ ಹೊಸದಾ? ಎಷ್ಟು ಟಾರ್ಕಿಗೆ ಬಿಗಿದ್ರಿ? ಬೀಗ ಹಾಕಿದ್ರಾ? ಒಳ್ಳೇ ಮೆಕ್ಯಾನಿಕ್ಕಿಗೆ ಈ ಪ್ರಶ್ನೆಯಿಂದ ಬೇಜಾರಾಗಲ್ಲ. ನಮ್ಮ ಅಣ್ಣ ಅಂತೂ ಖುಷಿಪಟ್ಟು ಹಳೇ ನಟ್ಟನ್ನ ನಮ್ಮ ಕೈಗೇ ಕೊಟ್ಟರು.

ಅಜ್ಜಿಗೆ ಅದನ್ನ ತೋರಿಸಿದೆವು. ಕೈಯಲ್ಲಿ ತಿರುಗಿಸಿ ನೋಡಿ, "ಇಷ್ಟೇಯಾ? ನಮ್ಮ ಗಾಡಿಲಿ ಕಡಾಣಿ ನೋಡ್ದೆ ನಿಮ್ಮ ತಾತ ಊರು ಬುಡ್ತಿರ್ಲಿಲ್ಲ" ಅಂದರು. ಆ ನಟ್ ಈಗ ನಮ್ಮ ಹಾಸ್ಟೆಲ್ ಮೇಜಿನ ಮೇಲೆ ಪೇಪರ್ ವೆಯ್ಟ್ ಆಗಿದೆ.